ಭುವನೇಶ್ವರಿಯ ಸೀಮೆ

ದೇವತೆಯ ಪಟ ಕಂಡ ಕೂಡಲೆ ಅದರ ಅರ್ಥ ಹೇಳಿಬಿಡುವ ಚಪಲ ಅಲಂಕಾರಶಾಸ್ತ್ರದ ಪಾಠ ಹೇಳುವ ನಮ್ಮಂಥವರಿಗೆ ತುಸು ಹೆಚ್ಚು. ಕಮಲವೆಂದರೆ ಸಂಪತ್ತು, ಪುಸ್ತಕವೆಂದರೆ ವಿದ್ಯೆ, ಎತ್ತಿದ ಅಂಗೈಯೆಂದರೆ ಅಭಯ. ಇಷ್ಟು ಬಿಡಿಸಿಟ್ಟರೆ ಚಿತ್ರ ಮುಗಿಯಿತು! ಆದರೆ ರೂಪಕಚಿತ್ರವನ್ನು ಓದುವುದಕ್ಕೆ ನಿಘಂಟಿಗಿಂತ ಪಂಚಾಂಗ ಹೆಚ್ಚು ಅವಶ್ಯ. ಅದು ಯಾವ ವರ್ಷದ್ದು, ಆಗ ಯಾರಿಗೆ ಏನು ಬೇಕಾಗಿತ್ತು ಎಂದು ಕೇಳದ ಹೊರತು ಅದು ಬಾಯಿ ಬಿಡದು.

ಅವನೀಂದ್ರನಾಥ ಠಾಕೂರರ 1905ರ ಭಾರತಮಾತೆಯನ್ನೇ ನೋಡಿರಿ. ನಾಲ್ಕು ಕೈಗಳಿದ್ದರೂ ಒಂದರಲ್ಲಿಯೂ ಆಯುಧವಿಲ್ಲ. ಪುಸ್ತಕ, ಭತ್ತದ ತೆನೆ, ಜಪಮಾಲೆ, ಬಿಳಿಯ ಬಟ್ಟೆ. ಅದು ವಂಗಭಂಗದ ವರ್ಷ, ವಿಲಾಯತಿ ಅರಿವೆಯನ್ನು ಬಹಿಷ್ಕರಿಸಿದ ವರ್ಷ. ಸ್ವದೇಶಿಯ ಸುದ್ದಿ ತಿಳಿಯದವನಿಗೆ ಆ ಬಟ್ಟೆ ಬರಿಯ ಕರವಸ್ತ್ರವಾಗಿ ಕಂಡೀತು.

ನಮ್ಮ ಭುವನೇಶ್ವರಿಗೂ ಇಂಥದೊಂದು ಜಾತಕವಿದೆ. 1953ರಲ್ಲಿ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು ಗದುಗಿನ ಕಲಾವಿದ ಸಿ. ಎನ್. ಪಾಟೀಲರಿಂದ ಆಕೆಯ ಚಿತ್ರ ಬರೆಯಿಸಿದರು. ಆಗ ಧಾರವಾಡ ಜಿಲ್ಲೆ ಮುಂಬಯಿ ಸರಕಾರದ್ದು, ರಾಯಚೂರು, ಕಲಬುರ್ಗಿ ಹೈದರಾಬಾದಿನವು, ಮಂಗಳೂರು ಮದರಾಸಿನದು, ಕೊಡಗು ತನ್ನಷ್ಟಕ್ಕೆ ತಾನು. ಅದೇ ವರ್ಷ ಅದರಗುಂಚಿಯ ಶಂಕರಗೌಡರು ಏಕೀಕರಣಕ್ಕಾಗಿ ಉಪವಾಸ ಕುಳಿತರು. ಏಪ್ರಿಲಿನಲ್ಲಿ ಹುಬ್ಬಳ್ಳಿಯ ಜನ ಬೀದಿಗಿಳಿದು ದೊಂಬಿಯೇ ಆಯಿತು. ಯಾವ ಸರಕಾರದ ದಫ್ತರದಲ್ಲಿಯೂ ಇರದ ನಾಡಿಗೆ ಮೊದಲು ಮುಖ ಬಂತು. ಎಲ್ಲೆ ಬಂದದ್ದು 1956ರ ನವೆಂಬರ್ 1ಕ್ಕೆ.

ಈಗಿನ ಕ್ಯಾಲೆಂಡರುಗಳಲ್ಲಿ ಆಕೆಯ ಬೆನ್ನ ಹಿಂದೆ ಆ ಎಲ್ಲೆಯೇ ನಕಾಶೆಯಾಗಿ ನಿಂತಿದೆ. ಬಮ್ಮಿಗಟ್ಟಿಯ ಕಿರಾಣಿ ಅಂಗಡಿಯೊಂದರ ಗೋಡೆಗೆ ಅಂಥದೊಂದು ತೂಗುತ್ತಿತ್ತು. (ತಾಲೂಕಿನ ಊರು ಕಲಘಟಗಿ ಬಣ್ಣದ ತೊಟ್ಟಿಲುಗಳಿಗೆ ಹೆಸರಾದದ್ದು, ಈ ಸೀಮೆಯವರು ಚಿತ್ರ ಓದುವುದನ್ನು ತೊಟ್ಟಿಲಿನಲ್ಲಿಯೇ ಕಲಿಯುತ್ತಾರೆಂದು ನನ್ನ ಗುಮಾನಿ.) ಎಣ್ಣೆಗೆ ಬಂದ ಮುದುಕಿಯೊಬ್ಬಳು ಪಟದ ಮುಂದೆ ನಿಂತು ಕೇಳಿದಳು:

"ಈಕಿ ಯಾವ ಊರ ದ್ಯಾಮವ್ವರೀ, ಸರ?"

"ಇಡೀ ಕನ್ನಡ ನಾಡಿನಾಕಿ, ಯವ್ವಾ."

"ಹಂಗಾರ ಈಕಿ ಸೀಮಿ ಎಲ್ಲಿತನಾ ಐತ್ರಿ?"

ಕಮಲವನ್ನಲ್ಲ, ಕಿರೀಟವನ್ನಲ್ಲ, ಆಕೆ ಕೇಳಿದ್ದು ಗೆರೆಯನ್ನು. ಗ್ರಾಮದೇವತೆಗೆ ಸೀಮೆಯೆಂದರೆ ಅಲಂಕಾರವಲ್ಲ. ಆಕೆ ಕಾಯುವುದು ಅದರೊಳಗಿನವರನ್ನು. ಜಾತ್ರೆಯ ಹೊನ್ನಾಟವೂ ಅದರೊಳಗೇ. 1953ರಲ್ಲಿ ಈ ಗೆರೆ ಒಂದು ಬೇಡಿಕೆ. ಇಂದು ಅದು ಕಂದಾಯ ಇಲಾಖೆಯ ದಾಖಲೆ. ಬೇಡುವಾಗ ತಾಯಿ ಎಲ್ಲರನ್ನೂ ಕೂಡಿಸುತ್ತಾಳೆ, ದಾಖಲೆಯಾದ ಮೇಲೆ ಕೆಲವರು ಹೊರಗುಳಿಯುತ್ತಾರೆ. ಕಾಸರಗೋಡು ಕೇರಳಕ್ಕೆ ಹೋಯಿತು. ಕಯ್ಯಾರ ಕಿಞ್ಞಣ್ಣ ರೈಗಳು 2015ರಲ್ಲಿ ತೀರಿಕೊಳ್ಳುವವರೆಗೂ ಅದು ಕರ್ನಾಟಕದ್ದೆಂದು ಹೇಳುತ್ತಲೇ ಇದ್ದರು.

ನಾನು ಬೀದರಿನಿಂದ ಬೆರಳು ಎಳೆಯುತ್ತ ಬಂದು ತಲಪಾಡಿಯ ಹತ್ತಿರ ನಿಲ್ಲಿಸಿ, "ಇಲ್ಲಿತನಾ. ಇದರಾಚೆಗೂ ಈಕಿ ಮಕ್ಕಳು ಅದಾರ" ಎಂದೆ.

"ಅವರು ಉಡಿ ತುಂಬಾಕ ಎಲ್ಲಿಗೆ ಬರಬೇಕ್ರಿ ಮತ್ತ?" ಎಂದಳು.