ಬಾಲಕರೂ ಗ್ರಂಥಾಲಯವೂ

ಬೆಂಗಳೂರಿನ ಕಬ್ಬನ್ ಉದ್ಯಾನಕ್ಕೆ ಹೋದವರಲ್ಲಿ ಅಲ್ಲಿಯ ಕೆಂಪು ಬಣ್ಣದ ಭವ್ಯಮಂದಿರವನ್ನು ಕಾಣದವರು ವಿರಳ. ಎತ್ತರವಾದ ಕಂಬಗಳಿಂದ ಶೋಭಿಸುವ ಆ ಕಟ್ಟಡವು, 1883ರಿಂದ 1901ರ ವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರವರ ಸ್ಮಾರಕ. ಮುಂದೆ ಅವರ ಪ್ರತಿಮೆಯೂ ನಿಂತಿದೆ. ಒಳಗೆ 1915ರಿಂದ ಸಾರ್ವಜನಿಕ ಗ್ರಂಥಾಲಯವು ನಡೆದುಬಂದಿದೆ. ಈಗ ಅದಕ್ಕೆ ರಾಜ್ಯ ಕೇಂದ್ರ ಗ್ರಂಥಾಲಯವೆಂದು ಹೆಸರು. ಮಕ್ಕಳಿಗೆಂದೇ ಬೇರೊಂದು ಗ್ರಂಥಾಲಯವೂ ಆ ಉದ್ಯಾನದಲ್ಲಿ ಉಂಟು. ದೊಡ್ಡವರ ಹೆಸರನ್ನು ಉಳಿಸುವುದಕ್ಕೆ ಕಲ್ಲಿನ ಪ್ರತಿಮೆಗಿಂತ ಓದುವ ಮನೆಯೇ ಲೇಸೆಂದು ಅಲ್ಲಿಗೆ ಹೋದಾಗಲೆಲ್ಲ ನಮಗೆ ತೋರುವುದು.

ನಾವು ಇಂತಹ ಗ್ರಂಥಾಲಯಗಳಿಗೆ ಹೋಗುವುದು ಓದುವುದಕ್ಕೆಂದು. ಆದರೆ ಉಪಾಧ್ಯಾಯರ ಬೆನ್ನಹಿಂದೆ ಸಾಲಾಗಿ ಬರುವ ಚಿಕ್ಕ ತರಗತಿಯ ಬಾಲಕಬಾಲಿಕೆಯರನ್ನು ಕಂಡರೆ ನಮ್ಮ ಓದು ಅಷ್ಟಕ್ಕೇ ನಿಲ್ಲುವುದು. ಬಾಗಿಲ ಹೊರಗೆ ಗುಬ್ಬಿಗಳಂತೆ ಚಿಲಿಪಿಲಿಗುಟ್ಟುತ್ತಿದ್ದವರು ಒಳಗೆ ಬಂದೊಡನೆ ಮೌನವನ್ನು ತಾಳುವರು. ಸುತ್ತಲೂ ಪುಸ್ತಕಗಳು, ಎಲ್ಲಿ ನೋಡಿದರೂ ಪುಸ್ತಕಗಳು. ಆಗ ಮಗುವು ಮೊದಲು ಕೇಳುವ ಪ್ರಶ್ನೆಯು ಕಥೆಯದಲ್ಲ, ಚಿತ್ರದ್ದೂ ಅಲ್ಲ. "ಇದನ್ನು ಮುಟ್ಟಬಹುದೆ?" ಎಂದು ಅದು ಕೇಳುವುದು.

ಈ ಪ್ರಶ್ನೆಯನ್ನು ಗೃಹಸ್ಥರಾದ ನಾವೆಲ್ಲರೂ ಕೊಂಚ ಯೋಚಿಸತಕ್ಕದ್ದು. ನಮ್ಮ ಎಷ್ಟೋ ಶಾಲೆಗಳಲ್ಲಿ ಪುಸ್ತಕಗಳು ಬೀರುವಿನಲ್ಲಿರುವುವು, ಬೀರುವಿಗೆ ಬೀಗವಿರುವುದು, ಬೀಗದ ಕೈಯು ಒಬ್ಬರ ವಶದಲ್ಲಿರುವುದು. ಇದು ಅವರೊಬ್ಬರ ದೋಷವಲ್ಲ. ಪುಸ್ತಕವು ಕಳೆದರೆ ಲೆಕ್ಕ ಒಪ್ಪಿಸಬೇಕಾದವರು ಅವರು. ಅದು ಓದಿಸಿಕೊಂಡಿತೇ ಇಲ್ಲವೇ ಎಂದು ಮಾತ್ರ ಅವರನ್ನು ಕೇಳುವವರಿಲ್ಲ. ಮನೆಯಲ್ಲಿಯೂ "ಹರಿದೀಯೆ, ಇಡು" ಎಂಬ ಮಾತೇ ಮುಂದು. ಹೀಗೆ ಪುಸ್ತಕವೆಂದರೆ ಹೆದರಬೇಕಾದ ವಸ್ತುವೆಂಬುದನ್ನು ಮಗುವು ಅಕ್ಷರಕ್ಕಿಂತ ಮೊದಲೇ ಕಲಿತುಬಿಡುವುದು. ಆದುದರಿಂದ ಗ್ರಂಥಾಲಯದ ಮೊದಲ ಪಾಠವೆಂದರೆ ಈ ಹೆದರಿಕೆಯನ್ನು ಬಿಡಿಸುವ ಪಾಠ. ತಿಳಿದ ಗ್ರಂಥಪಾಲಕರು ಉಪನ್ಯಾಸವನ್ನು ಮಾಡದೆ, ಒಂದು ಪುಸ್ತಕವನ್ನು ತೆಗೆದು ಮಗುವಿನ ಕೈಯಲ್ಲಿಯೇ ಇಡುವರು.

ಎರಡನೆಯ ಪಾಠವು ಹುಡುಕುವ ಪಾಠ. ಸಾವಿರಾರು ಪುಸ್ತಕಗಳ ನಡುವೆ ತನಗೆ ಬೇಕಾದುದು ಎಲ್ಲಿದೆಯೆಂದು ಮಗುವು ತಿಳಿಯುವುದೆಂತು? ಅಡಿಗೆಮನೆಯಲ್ಲಿ ಸಾಸಿವೆಗೊಂದು ಡಬ್ಬಿ, ಮೆಂತ್ಯಕ್ಕೊಂದು ಡಬ್ಬಿ. ಕತ್ತಲಲ್ಲಿ ಕೈಯಿಟ್ಟರೂ ತಾಯಿಗೆ ತಪ್ಪದು. ಪುಸ್ತಕಗಳಿಗೂ ಹಾಗೆಯೇ ನೆಲೆಗಳುಂಟು. ಅಮೆರಿಕದ ಮೆಲ್ವಿಲ್ ಡ್ಯೂಯಿಯವರು 1876ರಲ್ಲಿ ಪ್ರಕಟಿಸಿದ ದಶಾಂಶ ವರ್ಗೀಕರಣದಲ್ಲಿ ಸಮಸ್ತ ವಿದ್ಯೆಗಳನ್ನೂ ಹತ್ತು ವಿಭಾಗಗಳಾಗಿ ಹಂಚಿದೆ. 500 ಎಂದರೆ ವಿಜ್ಞಾನ. ಅದರೊಳಗೆ 598 ಪಕ್ಷಿಗಳ ಮನೆ. ಜನಪದ ಕಥೆಗಳು 398ರಲ್ಲಿ. ಇತಿಹಾಸವೂ ಭೂವಿವರಣೆಯೂ 900ರಲ್ಲಿ. ಈ ಕ್ರಮವನ್ನು ಅನುಸರಿಸುವ ಗ್ರಂಥಾಲಯದಲ್ಲಿ "ಗಿಳಿಯ ಪುಸ್ತಕವನ್ನು ಹುಡುಕಿ ತನ್ನಿರಿ" ಎಂದು ಮಕ್ಕಳನ್ನು ಬಿಟ್ಟರೆ, ಬೆನ್ನಿನ ಮೇಲಿನ ಅಂಕಿಯನ್ನು ನೋಡುತ್ತ ಅವರು ಕಣ್ಣಾಮುಚ್ಚಾಲೆಯಾಡಿದಂತೆ ಹುಡುಕುವರು. ಗಣಿತದಲ್ಲಿ ಬೇಸರಪಡುವ ಹುಡುಗನಿಗೂ ಇಲ್ಲಿಯ ಅಂಕಿಯು ಬೇಸರವೆನಿಸದು.

ಕಥೆಯ ಪುಸ್ತಕವಾದರೆ ಬರೆದವರ ಹೆಸರು ದಾರಿ ತೋರುವುದು. ಅಕ್ಷರಮಾಲೆಯನ್ನು ಬಾಯಿಪಾಠ ಮಾಡಿದುದರ ಫಲವು ಆಗ ತಿಳಿಯುವುದು. ಕುವೆಂಪು ಅವರು ಕಕಾರದಲ್ಲಿ, ಪಂಜೆ ಮಂಗೇಶರಾಯರು ಪಕಾರದಲ್ಲಿ, ರಾಜರತ್ನಂ ಅವರು ರಕಾರದಲ್ಲಿ ಮಕ್ಕಳಿಗಾಗಿ ಕಾದಿರುವರು. ಇನ್ನು ಪುಸ್ತಕದೊಳಗೆ ಹುಡುಕುವುದೂ ಒಂದು ವಿದ್ಯೆಯೇ. ಮುಂದಿನ ಪರಿವಿಡಿಯನ್ನೂ ಹಿಂದಿನ ಅಕಾರಾದಿಯನ್ನೂ ನೋಡಲು ಬಲ್ಲ ಬಾಲಕನಿಗೆ ಶಿವರಾಮ ಕಾರಂತರ 'ಬಾಲ ಪ್ರಪಂಚ'ದಂತಹ ಹಿರಿಯ ಸಂಪುಟಗಳೂ ಭಾರವೆನಿಸವು. ಚಂದ್ರನು ಏಕೆ ಕ್ಷಯಿಸುವನೆಂದು ಕೇಳಿದ ಮಗುವಿಗೆ ಉತ್ತರವನ್ನು ಹೇಳಿದರೆ ಒಂದು ಸಂದೇಹವು ತೀರುವುದು. ಉತ್ತರವಿರುವ ಪುಟಕ್ಕೆ ಕರೆದೊಯ್ದರೆ ನೂರು ಸಂದೇಹಗಳನ್ನು ತಾನೇ ತೀರಿಸಿಕೊಳ್ಳುವ ದಾರಿಯು ದೊರೆಯುವುದು.

ಈ ಮಾತಿನಲ್ಲಿ ನಮ್ಮ ದೇಶದ ಎಸ್. ಆರ್. ರಂಗನಾಥನ್ ಅವರನ್ನು ಸ್ಮರಿಸದಿರಲಾಗದು. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ವ್ಯಾಸಂಗಕ್ಕಾಗಿ ಲಂಡನ್ನಿಗೆ ಹೋಗಿದ್ದಾಗ ಅಲ್ಲಿಯ ಅಂಗಡಿಯೊಂದರಲ್ಲಿ ಮೆಕ್ಯಾನೋ ಎಂಬ ಆಟದ ಸಾಮಾನನ್ನು ಕಂಡರು. ಅವೇ ತುಂಡುಗಳನ್ನು ಬೇರೆ ಬೇರೆ ರೀತಿಯಲ್ಲಿ ಜೋಡಿಸಿದರೆ ಬೇರೆ ಬೇರೆ ಆಟಿಕೆಗಳು! ವಿಷಯಗಳನ್ನೂ ಹೀಗೆಯೇ ಜೋಡಿಸಬಹುದೆಂದು ಅವರಿಗೆ ಹೊಳೆಯಿತು. 1933ರಲ್ಲಿ ಪ್ರಕಟವಾದ ಅವರ ಕೋಲನ್ ವರ್ಗೀಕರಣವು ಹೀಗೆ ಮಕ್ಕಳ ಆಟದಿಂದ ಮೊಳೆತುದು. ಪುಸ್ತಕವಿರುವುದು ಉಪಯೋಗಕ್ಕೆ, ಬಚ್ಚಿಡುವುದಕ್ಕಲ್ಲವೆಂಬುದು 1931ರಲ್ಲಿ ಅವರು ಹೇಳಿದ ಐದು ಸೂತ್ರಗಳಲ್ಲಿ ಮೊದಲನೆಯದರ ತಾತ್ಪರ್ಯ. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿಯೇ ಕಳೆದು ಅವರು 1972ರಲ್ಲಿ ತೀರಿಕೊಂಡರು.

ಮೂರನೆಯ ಪಾಠವು ಎಲ್ಲಕ್ಕಿಂತಲೂ ಹಿರಿದು. ಎಂಜಲು ಬೆರಳಿನಿಂದ ಹಾಳೆಯನ್ನು ತಿರುವಬಾರದು. ಗುರುತಿಗೆಂದು ಮೂಲೆಯನ್ನು ಮಡಿಸಬಾರದು. ಓದಿದ ಪುಸ್ತಕವನ್ನು ಮನಸ್ಸಿಗೆ ಬಂದಲ್ಲಿ ತುರುಕದೆ ಮೇಜಿನ ಮೇಲೆ ಬಿಡಬೇಕು, ಏಕೆಂದರೆ ಸ್ಥಳ ತಪ್ಪಿದ ಪುಸ್ತಕವು ಕಳೆದುಹೋದ ಪುಸ್ತಕವೇ ಸರಿ. ಹೇಳಿದ ದಿನಕ್ಕೆ ಹಿಂದಿರುಗಿಸಬೇಕು. ಏಕೆ? ದಂಡಕ್ಕೆ ಹೆದರಿ ಅಲ್ಲ. ತಾನು ಹೆಸರು ಸಹ ಅರಿಯದ ಇನ್ನೊಂದು ಮಗುವು ಅದಕ್ಕಾಗಿ ಕಾದಿರುವುದರಿಂದ. ನನ್ನದಲ್ಲ, ಆದರೂ ನನ್ನದು. ನನ್ನೊಬ್ಬನದಲ್ಲ, ಎಲ್ಲರದು: ಈ ಭಾವನೆಯನ್ನು ಪೌರನೀತಿಯ ಪಾಠಕ್ಕಿಂತ ಗ್ರಂಥಾಲಯದ ಒಂದು ಚೀಟಿಯು ಚೆನ್ನಾಗಿ ಕಲಿಸಬಲ್ಲುದು. ಬೀಗದ ಬೀರುವು ಇದನ್ನು ಎಂದಿಗೂ ಕಲಿಸಲಾರದು. ನಂಬಿಕೆಯಿಟ್ಟು ಕೊಟ್ಟಲ್ಲದೆ ನಂಬಿಕೆಗೆ ತಕ್ಕವರಾಗುವುದೆಂತು?

ಇದು ಪಟ್ಟಣದ ಮಕ್ಕಳಿಗೆ ಮಾತ್ರ ದೊರೆತ ಭಾಗ್ಯವೆಂದು ವಾಚಕರು ತಿಳಿಯಬಾರದು. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದುವು. ಕೊರೋನಾ ವ್ಯಾಧಿಯಿಂದ ಶಾಲೆಗಳು ಮುಚ್ಚಿದ್ದ 2020ರಲ್ಲಿ 'ಓದುವ ಬೆಳಕು' ಎಂಬ ಕಾರ್ಯವು ಮೊದಲಾಗಿ, 6ರಿಂದ 18 ವಯಸ್ಸಿನ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವು ದೊರೆಯುವಂತಾಯಿತು. ಊರಿನ ಚಿಕ್ಕ ಗ್ರಂಥಾಲಯದಲ್ಲಿ ಪುಸ್ತಕಗಳು ಕಡಮೆಯಿರಬಹುದು. ಕಲಿಯುವ ಪಾಠಗಳು ಮಾತ್ರ ಅವೇ.

ಹಾಗಿದ್ದರೂ ಮಕ್ಕಳು ತಾವಾಗಿ ಹೋಗಲಾರರು. ಇಂದು ಅನೇಕ ಗ್ರಂಥಾಲಯಗಳ ಮೇಜುಗಳನ್ನು ಸ್ಪರ್ಧಾಪರೀಕ್ಷೆಗೆ ಸಿದ್ಧರಾಗುವ ತರುಣರೇ ತುಂಬಿರುವರು. ಅವರ ಶ್ರಮವು ಗೌರವಾರ್ಹವೇ. ಆದರೆ ಚಿಕ್ಕ ಮಗುವಿನ ಕೈ ಹಿಡಿದು ಬಂದ ತಾಯಿತಂದೆಗಳು ಅಪರೂಪವಾದರೆ, ಮಕ್ಕಳ ಕಪಾಟಿನ ಮೇಲೆ ಧೂಳೇ ಕೂರುವುದು. ನಾವು ಮನೆಕಂದಾಯವನ್ನು ಕಟ್ಟುವಾಗ ಅದರೊಡನೆ ನೂರಕ್ಕೆ 6ರಂತೆ ಗ್ರಂಥಾಲಯದ ಕರವನ್ನೂ ಕಟ್ಟುತ್ತಿರುವೆವು. ಇದಕ್ಕೆ 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಶಾಸನವು ಆಧಾರ. ಹಣವನ್ನು ತೆತ್ತು ಫಲವನ್ನು ಬಿಟ್ಟುಬರುವ ಗೃಹಸ್ಥನನ್ನು ಜಾಣನೆನ್ನಲಾದೀತೆ?

ಪ್ರತಿವರ್ಷ ನವೆಂಬರ್ 14ರಿಂದ 20ರ ವರೆಗೆ ಗ್ರಂಥಾಲಯ ಸಪ್ತಾಹವು ನಡೆಯುವುದು. ಮೊದಲ ದಿನವೇ ಮಕ್ಕಳ ದಿನ. ಆ ದಿನಕ್ಕಾಗಿ ಕಾಯಬೇಕಾದುದಿಲ್ಲ. ರಜದ ಒಂದು ಬೆಳಗ್ಗೆ ಮಗುವನ್ನು ಹತ್ತಿರದ ಗ್ರಂಥಾಲಯಕ್ಕೆ ಕರೆದೊಯ್ಯಿರಿ. ಅರ್ಜಿಗೆ ನಿಮ್ಮ ರುಜುವನ್ನು ಹಾಕಿರಿ. ಪುಸ್ತಕವನ್ನು ಮಾತ್ರ ಅದೇ ಆರಿಸಲಿ. ಅದು ಪಠ್ಯಕ್ಕೆ ಸಹಾಯವಾಗದ ಕೋತಿಯ ಕಥೆಯಾದರೂ ಬೇಡವೆನ್ನಬೇಡಿರಿ. ಆಮೇಲೆ ಒಂದೆರಡು ಹೆಜ್ಜೆ ಹಿಂದೆ ನಿಲ್ಲಿರಿ. "ಇದನ್ನು ಮುಟ್ಟಬಹುದೆ?" ಎಂದು ಕೇಳುತ್ತಿದ್ದ ಮಗುವೇ "ಇದು ಮುಗಿಯಿತು, ಇನ್ನೊಂದು ಯಾವಾಗ?" ಎಂದು ಕೇಳುವ ದಿನವು ಬಹಳ ದೂರವಿರಲಾರದು.