ಹೆಣ್ಮಕ್ಕಳ ಬಣ್ಣ ಯಾವ್ದು? (ಭಾಗ 9)

ಫೋಟೋದಾಗ ಇರೋದು ನನ್ನ ಸ್ಟಾಟಿಸ್ಟಿಕ್ಸ್ ಅಸೈನ್ಮೆಂಟ್. ಮೂಲ್ಯಾಗ ಕಾಣೋ ಕಲೆ ನಮ್ಮ ಆಯಿ ಚಹಾದ್ದು.

ಯಾವುದಾದರೂ ಡೇಟಾ ತಗೊಂಡು ಪೈ ಚಾರ್ಟ್ ಮಾಡ್ರಿ ಅಂದಿದ್ರು. ನಾನು 2024ರ ಲೋಕಸಭೆ ಫಲಿತಾಂಶ ತಗೊಂಡೆ. ನನ್ನ ಫಸ್ಟ್ ವೋಟ್ ಅದು. ಮೇ 7ರ ಬಿಸಿಲಾಗ ಆಯಿ ಕೈ ಹಿಡ್ಕೊಂಡು ಪಾಳಿ ಹಚ್ಚಿದ್ದೆ.

ಒಟ್ಟು 543 ಸೀಟು. ಬಿಜೆಪಿ 240, ಕಾಂಗ್ರೆಸ್ 99, ಸಮಾಜವಾದಿ ಪಕ್ಷ 37, ತೃಣಮೂಲ 29. ಬಹುಮತಕ್ಕ 272 ಬೇಕು, ಯಾವ ಪಕ್ಷಕ್ಕೂ ಒಂದಕ್ಕೇ ಅಷ್ಟು ಬರಲಿಲ್ಲ. ಅದಕ್ಕೇ ಟಿಡಿಪಿಯ 16, ಜೆಡಿಯುದ 12 ಸೀಟಿಗೆ ಅಷ್ಟು ತೂಕ ಬಂತು. ಒಂದೊಂದು ಪಕ್ಷಕ್ಕ ಒಂದೊಂದು ಬಣ್ಣ ಹಚ್ಚಿದೆ.

ಆಯಿ ಚಷ್ಮಾ ಹಾಕ್ಕೊಂಡು ನೋಡಿದ್ಲು. "ಚಂದ ಹಚ್ಚೀಯವಾ. ಇದರಾಗ ಹೆಣ್ಮಕ್ಕಳ ಬಣ್ಣ ಯಾವ್ದು?"

ನನಗ ಅದು ಹೊಳದೇ ಇರಲಿಲ್ಲ.

ಹುಡುಕಿದೆ. ಆ ಚುನಾವಣೆಯೊಳಗ ಗೆದ್ದ ಹೆಣ್ಮಕ್ಕಳು 74. 2019ರಾಗ 78 ಇದ್ರು, ಅಂದ್ರ ಇಳಿದಾರ. ಕರ್ನಾಟಕದ 28ರಾಗ ಮೂವರು: ಶೋಭಾ ಕರಂದ್ಲಾಜೆ, ಪ್ರಭಾ ಮಲ್ಲಿಕಾರ್ಜುನ್, ಪ್ರಿಯಾಂಕಾ ಜಾರಕಿಹೊಳಿ.

"ನಾ ಮೊದಲ ವೋಟ್ ಹಾಕಿದ್ದು 1971ರಾಗ" ಅಂದ್ಲು ಆಯಿ. "ಆಗ 21 ತುಂಬಬೇಕಿತ್ತು. ನಮ್ಮ ಎಂಪಿ ಸರೋಜಿನಿ ಮಹಿಷಿ."

ಯಾರಿಗೆ ಹಾಕಿದ್ದಿ ಅಂತ ಕೇಳಿದೆ. "ಅದನ್ನ ಹೇಳಬಾರ್ದು" ಅಂದು ಚಹಾ ಕುಡಿದ್ಲು.

ಮಹಿಷಿಯವರು ಧಾರವಾಡ ಉತ್ತರದಿಂದ 1962, 67, 71, 77, ಹೀಗೆ ನಾಲ್ಕು ಸಲ ಗೆದ್ದವರು. ಆಮೇಲೆ 1980ರಿಂದ 2024ರ ತನಕ ಹನ್ನೆರಡು ಚುನಾವಣೆ ಆದವು: ಡಿ.ಕೆ. ನಾಯ್ಕರ್ ನಾಲ್ಕು ಸಲ, ವಿಜಯ ಸಂಕೇಶ್ವರ ಮೂರು ಸಲ, ಪ್ರಲ್ಹಾದ ಜೋಶಿ ಐದು ಸಲ. ಹೆಣ್ಮಗಳು ಒಬ್ಬಾಕಿನೂ ಇಲ್ಲ.

ಮೂರರಾಗ ಒಂದು ಸೀಟು ಹೆಣ್ಮಕ್ಕಳಿಗೆ ಅನ್ನೋ ಮಸೂದೆ 2023ರ ಸೆಪ್ಟೆಂಬರಿನಾಗ ಸಂಸತ್ತಿನಲ್ಲಿ ಪಾಸಾತು. ಆದ್ರ ಜನಗಣತಿ, ಕ್ಷೇತ್ರ ಮರುವಿಂಗಡಣೆ ಆದ ಮ್ಯಾಲೆ ಜಾರಿ ಅಂತ ಅದರಾಗೇ ಬರೆದಿದ್ರು. ಹಂಗಾಗಿ 2024ಕ್ಕ ಸಿಗಲಿಲ್ಲ. ಸಿಕ್ಕಿದ್ರ 543ರಾಗ 181.

ಇದನ್ನೆಲ್ಲಾ ಯಾಕ ಹೇಳಾಕತ್ತೀನಿ ಅಂದ್ರ, ನಮ್ಮ ಕ್ಲಾಸಿನಾಗ 60 ಮಂದಿ, 38 ಹುಡುಗಿಯರು. ಸಿಆರ್ ಯಾವಾಗಲೂ ಹುಡುಗ. ಹುಡುಗಿಗೆ ಎಲ್‌ಆರ್ ಅಂತ ಬ್ಯಾರೇ ಪೋಸ್ಟ್. ಹೋದ ವರ್ಷ ಎಲ್‌ಆರ್ ನಾನೇ. ಗೆಸ್ಟ್ ಬಂದ್ರ ಹೂವು ಕೊಡೋದು, ಸೀರೆ ಡೇಗೆ ರೊಕ್ಕ ಕೂಡಿಸೋದು ನನ್ನ ಕೆಲಸ.

ಇಂಟರ್ನಲ್ಸ್ ಟೈಮ್ ಸಂಜೀಕ ಬದಲಾತು. ಹಳ್ಳಿಯಿಂದ ಬರೋ ಏಳು ಮಂದಿ ಗೆಳತ್ಯಾರಿಗೆ ಲಾಸ್ಟ್ ಬಸ್ ತಪ್ಪಾಕ ಹತ್ತಿತು. ಒಬ್ಬಾಕಿ ಎರಡು ಟೆಸ್ಟ್ ಬಿಟ್ಳು. ಟೈಮ್ ಫಿಕ್ಸ್ ಮಾಡೋ ಮೀಟಿಂಗಿಗೆ ಸಿಆರ್ ಹೋಗಿದ್ದ, ನನ್ನ ಕರೆದಿರಲಿಲ್ಲ. ಅವನೇನು ಕೆಟ್ಟವನಲ್ಲ. ಬೈಕಿನಾಗ ಬರ್ತಾನ, ಬಸ್ಸಿನ ಮಾತು ಅವಗ ನೆನಪಾಗಲಿಲ್ಲ ಅಷ್ಟೇ.

ಖುರ್ಚಿ ಮ್ಯಾಲೆ ಯಾರು ಕೂತಾರ ಅನ್ನೋದರ ಮ್ಯಾಲೆ ಏನು ನೆನಪಾಗತೈತಿ ಅನ್ನೋದೂ ನಿಂತೈತಿ. 543ಕ್ಕೂ ಅದ, 60ಕ್ಕೂ ಅದ.

ಸೋಮವಾರ ಸಿಆರ್‌ಗೆ ಹೆಸರು ಕೊಡ್ತೀನಿ, ಎಲ್‌ಆರ್‌ಗೆ ಅಲ್ಲ. "ಹುಡುಗರು ನಗ್ತಾರ" ಅಂತ ಅವ್ವ ಅಂದ್ಲು. ಹೆದರಿಕಿ ನನಗೂ ಐತಿ. ಸೋತ್ರೂ ಭಾಗ 10ರಾಗ ಬರೀತೀನಿ.

ನಿಮ್ಮ ಕ್ಲಾಸಿನಾಗ ಸಿಆರ್ ಯಾರು? ಕಮೆಂಟಿನಾಗ ಹೇಳ್ರಿ.

#ಹುಬ್ಬಳ್ಳಿಧಾರವಾಡ #ಬಿಕಾಂಡೈರಿ #ಆಯಿಮಾತು