ಎಷ್ಟು ಮಾರು ನೀರು

ತದಡಿಯಲ್ಲಿ ನಾವು ಕಡಲಿನ ಆಳವನ್ನು ಮಾರಿನಲ್ಲೇ ಎಣಿಸುತ್ತಿದ್ದೆವು. ಅಘನಾಶಿನಿಯ ಅಳಿವೆ ದಾಟಿದ ಮೇಲೆ ಅಪ್ಪ ಸೀಸದ ಗುಂಡು ಕಟ್ಟಿದ ಹಗ್ಗ ಇಳಿಬಿಟ್ಟು, ಮೇಲೆಳೆಯುವಾಗ ಎರಡೂ ಕೈ ಚಾಚಿ ಚಾಚಿ ಅಳೆಯುತ್ತಿದ್ದ. ಲಂಗರಿಗೆ ಆಳದ ಮೂರರಷ್ಟು ಹಗ್ಗ ಬಿಡಬೇಕು, ಇಲ್ಲವಾದರೆ ತೆರೆ ಏರಿದಾಗ ದೋಣಿಯೇ ಲಂಗರನ್ನು ಕಿತ್ತುಹಾಕುತ್ತದೆ. ನಾನು ಕಲಿತ ಮೊದಲ ವಿದ್ಯೆ ಅದು.

1982ರಲ್ಲಿ ಮುಂಬಯಿಗೆ ಹೋಗಿ ಬಾಂಬೆ ಹೈ ಕಡೆಯ, ಎಣ್ಣೆ ಬಾವಿ ಕೊರೆಯುವ ಒಂದು ರಿಗ್ ಸೇರಿದೆ. 1974ರಲ್ಲಿ ‘ಸಾಗರ ಸಾಮ್ರಾಟ್’ ರಿಗ್ ಎಣ್ಣೆ ಕಂಡ ಆ ಕಡಲಿನ ಆಳ ಸುಮಾರು 75 ಮೀಟರ್. ನಲವತ್ತು ಮಾರು, ಅಷ್ಟೇ. ನಮ್ಮ ರಿಗ್ಗೂ ‘ಸಾಗರ ಸಾಮ್ರಾಟ್’ನಂತೆ ಜಾಕಪ್: ಉಕ್ಕಿನ ಕಾಲುಗಳನ್ನು ತಳಕ್ಕೆ ಊರಿ, ಮೈಯನ್ನು ತೆರೆಗಳ ಮೇಲಕ್ಕೆತ್ತಿ ನಿಲ್ಲುವಂಥದ್ದು. ಪೈಪಿಗೆ ಸರಪಳಿ ಸುತ್ತಿ ತಿರುಪು ಕೂರಿಸುವುದು, ಟಾಂಗ್ಸ್ ಹಾಕಿ ಬಿಗಿಯುವುದು, ಎಲ್ಲ ಕೈಯಲ್ಲೇ. ಹುಟ್ಟು ಹಾಕಿ ಗಟ್ಟಿಯಾದ ತೋಳಿಗೆ ಅಲ್ಲಿ ಬೆಲೆಯಿತ್ತು. ಸರಪಳಿ ತಪ್ಪಿ ನನ್ನ ಪಕ್ಕದಲ್ಲಿದ್ದ ಹುಡುಗನ ಎರಡು ಬೆರಳು ಹೋದವು. ಆ ಸದ್ದು ಇನ್ನೂ ಕಿವಿಯಲ್ಲಿದೆ.

ಕಾಲು ಊರಲಾಗದಷ್ಟು ಆಳವಿದ್ದಲ್ಲಿ ಹಡಗಿನಿಂದಲೇ ಕೊರೆಯಬೇಕು. ‘ಸಾಗರ ವಿಜಯ್’, ವಿಶಾಖಪಟ್ಟಣದಲ್ಲಿ ಕಟ್ಟಿದ ‘ಸಾಗರ ಭೂಷಣ’ 1980ರ ದಶಕದಲ್ಲಿ ಬಂದ ಅಂಥ ಹಡಗುಗಳು. ಕೆಲ ವರ್ಷದ ಮೇಲೆ ನಾನೂ ಒಂದು ಡ್ರಿಲ್‌ಶಿಪ್ ಹತ್ತಿದೆ. ಹಡಗಿನ ಹೊಟ್ಟೆಯಲ್ಲೇ ದೊಡ್ಡ ಬಾಯಿ. ಅದರೊಳಗಿಂದ ರೈಸರ್ ಎಂಬ ದಪ್ಪ ಕೊಳವೆ ತಳದ ಬಿಓಪಿಯವರೆಗೆ ಇಳಿಯುತ್ತದೆ. ಬಾವಿ ಉಕ್ಕಿ ಬಂದರೆ ಅದರ ಕತ್ತು ಅದುಮಿ ಹಿಡಿಯುವ ಕವಾಟಗಳ ಗೋಪುರವೇ ಬಿಓಪಿ. ಮೊದಲ ರಾತ್ರಿ, ಪೈಪು ತಾನಾಗಿ ಮೇಲೆ ಕೆಳಗೆ ಜಾರುವುದನ್ನು ಕಂಡು ಕೂಗಿಕೊಂಡೆ. ಮಂಗಳೂರು ಕಡೆಯ ಹಿರಿಯ ಡ್ರಿಲ್ಲರ್, “ಪೈಪು ನಿಂತೇ ಉಂಟು ಮಾರಾಯಾ, ಏರಿ ಇಳಿಯುವುದು ನಾವು” ಅಂದರು.

ಮೇಲೆ ಪೈಪು ತೂಗುವಲ್ಲಿ ಗಾಳಿ ಒತ್ತಿ ತುಂಬಿದ ಪಿಸ್ಟನ್‌ಗಳು. ಹಡಗು ಏರಿದರೆ ಸಡಿಲ ಬಿಡುತ್ತವೆ, ಇಳಿದರೆ ಎಳೆದುಕೊಳ್ಳುತ್ತವೆ, ತಳದಲ್ಲಿ ಕೊರೆಯುವ ಬಿಟ್ಟಿನ ಮೇಲಿನ ಭಾರ ಹೆಚ್ಚುಕಡಿಮೆಯಾಗದು. ಅಪ್ಪ ಲಂಗರಿನ ಹಗ್ಗ ಸಡಿಲ ಬಿಟ್ಟು ಮಾಡುತ್ತಿದ್ದುದೂ ಇದೇ ಅಲ್ಲವೇ ಎನ್ನಿಸಿತು.

ಆಮೇಲಾಮೇಲೆ ಸರಪಳಿ ಹೋಯಿತು. ಪೈಪು ತಿರುಗಿಸಲು ಟಾಪ್ ಡ್ರೈವ್, ಬಿಗಿಯಲು ಇನ್ನೊಂದು ಯಂತ್ರ. ಡ್ರಿಲ್ಲರ್ ಗಾಜಿನ ಕೋಣೆಯಲ್ಲಿ ಕೂತು ಬೆರಳ ತುದಿಯಲ್ಲೇ ಎಲ್ಲ ನಡೆಸುತ್ತಾನೆ. ಬೆರಳುಗಳು ಉಳಿದವಲ್ಲ, ನನಗೆ ನಿಜಕ್ಕೂ ಸಂತೋಷ. ಆದರೆ ಬರಿಗೈಯಲ್ಲಿ ಬರುವ ನಮ್ಮೂರ ಹುಡುಗನಿಗೆ ಆ ಬಾಗಿಲು ಮುಚ್ಚಿತು. ಈಗ ಸರ್ಟಿಫಿಕೇಟಿಲ್ಲದೆ ರಿಗ್ಗಿಗೆ ಹೋಗುವ ಹೆಲಿಕಾಪ್ಟರ್ ಹತ್ತಿಸುವುದಿಲ್ಲ.

2013ರಲ್ಲಿ ಪೂರ್ವ ಕರಾವಳಿಯಾಚೆ ‘ಧೀರೂಭಾಯಿ ಡೀಪ್‌ವಾಟರ್ ಕೆಜಿ1’ ಹಡಗು 3,165 ಮೀಟರ್ ನೀರಿನಲ್ಲಿ ಬಾವಿ ಕೊರೆಯಿತು. ಆಗ ಅದು ಜಗತ್ತಿನ ದಾಖಲೆ. ಅದೇ ಕಡಲಲ್ಲಿ ಬೇರೊಂದು ಹಡಗಿನಲ್ಲಿದ್ದ ನಾನು, ರಜೆಯಲ್ಲಿ ಊರಿಗೆ ಬಂದಾಗ ಅಪ್ಪನಿಗೆ ಹೇಳಿದೆ: 1,700ಕ್ಕೂ ಹೆಚ್ಚು ಮಾರು.

“ಲಂಗರು?” ಅಂದ.

ಲಂಗರಿಲ್ಲ, ಉಪಗ್ರಹ ನೋಡಿಕೊಂಡು, ತಳದಲ್ಲಿಟ್ಟ ಯಂತ್ರಗಳ ಸದ್ದು ಕೇಳಿಕೊಂಡು, ಹಡಗಿನಡಿಯ ಥ್ರಸ್ಟರ್‌ಗಳೇ ಅದನ್ನು ಜಾಗದಲ್ಲಿ ನಿಲ್ಲಿಸುತ್ತವೆ ಎಂದೆ.

“ಇಂಜಿನ್ನು ಬಂದ್ ಬಿದ್ರೆ?”

ಬಾವಿ ಮುಚ್ಚಿ, ರೈಸರನ್ನು ಬಿಓಪಿಯಿಂದ ಬಿಡಿಸಿಕೊಂಡು ಹಡಗು ದೂರ ಹೋಗುತ್ತದೆ ಎಂದೆ.

“ಅಂದ್ರೆ ಲಂಗರಿನ ಹಗ್ಗ ಕಡಿದ ಹಾಗೇ” ಅಂದ ಅಪ್ಪ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ: “ಮತ್ತೆ ಜಾಗ ಹುಡುಕೋದು ಹ್ಯಾಗೋ? ತೇಲುವಂಥದ್ದು ಏನಾದ್ರೂ ಕಟ್ಟಿ ಬಿಡ್ತೀರಾ?”

ತಳದ ಯಂತ್ರಗಳು ಅಲ್ಲೇ ಇರುತ್ತವೆ, ಕರೆದರೆ ಓಗೊಡುತ್ತವೆ ಎಂದೆ.